ವಿಮಾನ ತಪ್ಪಿದರೆ ಮೊದಲು ನೋಡಬೇಕಾದದ್ದು ಪಿಎನ್‌ಆರ್

ಹಾಸನದಲ್ಲಿ ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ವಕೀಲ ನಾನು. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿತೆಂದು ಬಂದವರನ್ನು ನಾನು ಮೊದಲು ಕೇಳುವುದು, ಎರಡಕ್ಕೂ ಪಿಎನ್‌ಆರ್ (ಬುಕಿಂಗ್‌ನ ಗುರುತು ಸಂಖ್ಯೆ) ಒಂದೇ ಇತ್ತೇ ಎಂದು. ನಷ್ಟವನ್ನು ಯಾರು ತುಂಬಿಕೊಡಬೇಕೆಂಬುದು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ. ಆದರೂ ಟಿಕೆಟ್ ಮಾಡಿಸುವಾಗ ಅದನ್ನು ನೋಡಿಕೊಳ್ಳಿರೆಂದು ಎಷ್ಟು ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಕಲೇಶಪುರದ ಕಡೆಯ ವೃದ್ಧ ದಂಪತಿ ಮಗಳ ಬಾಣಂತನಕ್ಕೆಂದು ಫ್ರಾಂಕ್‌ಫರ್ಟ್‌ಗೆ ಹೊರಟಿದ್ದರು. ಬೆಂಗಳೂರಿನಿಂದ ಮುಂಬೈಗೆ ಒಂದು ಕಂಪನಿಯ ವಿಮಾನ, ಅಲ್ಲಿಂದಾಚೆಗೆ ಇನ್ನೊಂದರದು. ಮೊದಲನೆಯದು ತಡವಾಗಿ, ಮುಂಬೈಯಲ್ಲಿ ಲಗೇಜ್ ಬಿಡಿಸಿಕೊಂಡು ಓಡಿಬರುವಷ್ಟರಲ್ಲಿ ಚೆಕ್-ಇನ್ ಕೌಂಟರ್ ಮುಚ್ಚಿತ್ತು. ಎರಡನೆಯ ಕಂಪನಿ ಅವರನ್ನು ‘ನೋ ಶೋ’, ಅಂದರೆ ಹೊತ್ತಿಗೆ ಬಾರದವರು, ಎಂದು ಬರೆದುಕೊಂಡಿತು. ಹೊಸ ಟಿಕೆಟಿಗೆ ಪೂರ್ತಿ ಹಣ ತೆರಬೇಕಾಯಿತು. “ಟಿಕೆಟ್ ಒಂದೇ ಸ್ವಾಮಿ, ಒಂದೇ ದಿನ ಒಬ್ಬರ ಹತ್ತಿರವೇ ಮಾಡಿಸಿದ್ದು” ಎನ್ನುತ್ತ ಯಜಮಾನರು ಮುಂದಿಟ್ಟ ಕಾಗದಗಳಿಗೆ ಏಜೆಂಟು ಒಂದೇ ಪಿನ್ನು ಹೊಡೆದಿದ್ದ. ಬಿಡಿಸಿ ನೋಡಿದರೆ ಪಿಎನ್‌ಆರ್ ಎರಡು; ಎಂದರೆ ಒಪ್ಪಂದಗಳೂ ಎರಡು.

ಒಂದೇ ದಿನ, ಒಬ್ಬನೇ ಏಜೆಂಟು, ಒಂದೇ ಬಿಲ್ಲು ಎಂಬ ಕಾರಣಕ್ಕೆ ಎರಡು ಒಪ್ಪಂದಗಳು ಒಂದಾಗುವುದಿಲ್ಲ. ಎರಡೂ ವಿಮಾನ ಒಂದೇ ಕಂಪನಿಯದಾಗಿದ್ದರೂ, ಬೇರೆ ಬೇರೆಯಾಗಿ ಬುಕ್ ಮಾಡಿದ್ದರೆ ಇದೇ ಮಾತು. ಒಂದೇ ಬುಕಿಂಗ್‌ನಲ್ಲಿ ಫ್ರಾಂಕ್‌ಫರ್ಟ್‌ವರೆಗೂ ಟಿಕೆಟ್ ಇದ್ದಿದ್ದರೆ, ಅವರನ್ನು ಮುಂದಿನ ವಿಮಾನದಲ್ಲಿ ಹೆಚ್ಚಿನ ಹಣ ಕೇಳದೆ ಕಳುಹಿಸುವ ಹೊಣೆ ಸಾಮಾನ್ಯವಾಗಿ ಕಂಪನಿಯದೇ ಆಗುತ್ತಿತ್ತು. ಬೇರೆ ಬೇರೆಯಾದಾಗ ಮೊದಲ ಕಂಪನಿಯು ತಾನು ಮುಂಬೈಗೆ ತಲುಪಿಸಿದ್ದೇನೆಂದು ವಾದಿಸುತ್ತದೆ, ಎರಡನೆಯದು ತನ್ನ ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತೆನ್ನುತ್ತದೆ.

ಹಾಗೆಂದು ದಾರಿಯೇ ಇಲ್ಲವೆನ್ನಲಾಗದು. ಅಜ್ಮೀರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ ಶ್ರೀನಗರದ ವಿಮಾನ ತಪ್ಪಿಸಿಕೊಂಡವರಿಗೆ, ತಡಕ್ಕೆ ಕಾರಣ ತೋರಿಸಲಾಗದ ರೈಲ್ವೆಯೇ ಟ್ಯಾಕ್ಸಿಯ 15,000 ರೂಪಾಯಿ ಸೇರಿದಂತೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿಯೂ ಟಿಕೆಟ್‌ಗಳು ಬೇರೆಯೇ. ಆದರೆ ಮಂಜು, ಮಳೆಯಂಥ ತನ್ನ ಕೈಮೀರಿದ ಕಾರಣವನ್ನು ಕಂಪನಿ ದಾಖಲೆಸಹಿತ ತೋರಿಸಿದರೆ ಫಲಿತಾಂಶ ಬೇರೆಯಾಗಬಹುದು. ಆದ್ದರಿಂದ ಈ ತೀರ್ಪನ್ನು ನಂಬಿಕೊಂಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಳ್ಳಬೇಡಿರೆಂದೇ ಹೇಳುತ್ತೇನೆ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರಲ್ಲಿರುವುದು ಪರಿಹಾರದ ಗರಿಷ್ಠ ಮಿತಿಯೇ ಹೊರತು ತಡವಾದವರಿಗೆಲ್ಲ ಸಿಗುವ ಮೊತ್ತವಲ್ಲ; ನಷ್ಟವನ್ನು ರಸೀದಿಯಿಂದ ತೋರಿಸಬೇಕು. ಯುರೋಪಿನ ನಿಯಮದ 250ರಿಂದ 600 ಯೂರೊ ಪರಿಹಾರವನ್ನು ಬಹಳ ಮಂದಿ ಕೇಳುತ್ತಾರೆ. ಅದು ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನಗಳಿಗೆ, ಇಲ್ಲವೇ ಅಲ್ಲಿನ ಕಂಪನಿಯ ವಿಮಾನದಲ್ಲಿ ಅಲ್ಲಿಗೆ ಹೋಗುವವರಿಗೆ ಮಾತ್ರ.

ತಡವಾದ ಸಂದೇಶ, ಬೋರ್ಡಿಂಗ್ ಪಾಸ್, ಹೋಟೆಲಿನ ಬಿಲ್ಲು ಇವನ್ನು ಎಸೆಯಬೇಡಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಅಲ್ಲಿಂದಲೇ ಇ-ಮೇಲ್‌ನಲ್ಲಿ ಬರೆದು ಕಳುಹಿಸಿ. ದೂರಿಗೆ ಮುಂಬೈಗೋ ದೆಹಲಿಗೋ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ ಸಲ್ಲಿಸಬಹುದು.