ಯುದ್ಧಕ್ಕೆ ಹೋದ ಡೊನಾಲ್ಡ್ ಡಕ್, ಯುದ್ಧಕ್ಕೆ ಹೋದ ಮೊಮೊಟಾರೊ

2010ರಲ್ಲಿ ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾದಲ್ಲಿ ನ್ಯಾಯಾಲಯವೊಂದು ಡೊನಾಲ್ಡ್ ಡಕ್‌ನ ಕಾರ್ಟೂನ್ ಚಿತ್ರವೊಂದನ್ನು ಉಗ್ರವಾದಿ ಸಾಮಗ್ರಿ ಎಂದು ಘೋಷಿಸಿತು. ಚಿತ್ರದ ಹೆಸರು ‘ಡೆರ್ ಫ್ಯೂರರ್ಸ್ ಫೇಸ್’. ನಾಜಿ ತೋಳುಪಟ್ಟಿ ಕಟ್ಟಿಕೊಂಡ ಡೊನಾಲ್ಡ್ ಅದರಲ್ಲಿ ಹಿಟ್ಲರನಿಗೆ ಜೈಕಾರ ಹಾಕುವುದು ನಿಜ. ಆದರೆ ಚಿತ್ರ ಹುಟ್ಟಿದ್ದೇ ಹಿಟ್ಲರನನ್ನು ಗೇಲಿ ಮಾಡಲು. 2016ರಲ್ಲಿ ಇನ್ನೊಂದು ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ನಾಜಿಗಳ ವಿರುದ್ಧ ಮಾಡಿದ ಚಿತ್ರವೇ ಅಲ್ಲಿಯವರೆಗೆ ಉಗ್ರವಾದಿ ಚಿತ್ರವೆನಿಸಿಕೊಂಡಿತ್ತು.

ಈ ಗೊಂದಲದ ಬೇರು 1941ರ ಡಿಸೆಂಬರ್‌ನಲ್ಲಿದೆ. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಬೆನ್ನಿಗೇ ಕ್ಯಾಲಿಫೋರ್ನಿಯಾದ ಡಿಸ್ನಿ ಸ್ಟುಡಿಯೊದೊಳಗೆ ಅಮೆರಿಕದ ಸೈನಿಕರು ಬಂದು ಬೀಡುಬಿಟ್ಟರು. ಸ್ಟುಡಿಯೊದ ಬಹುಪಾಲು ಕೆಲಸ ಸರ್ಕಾರದ ಕೆಲಸವಾಯಿತು. 1942ರ ಆರಂಭದಲ್ಲಿ ಬಂದ ‘ದಿ ನ್ಯೂ ಸ್ಪಿರಿಟ್’ ಚಿತ್ರದಲ್ಲಿ ಡೊನಾಲ್ಡ್ ಮಾಡುವುದು ಏನು ಗೊತ್ತೇ? ಆದಾಯ ತೆರಿಗೆಯ ಫಾರಂ ತುಂಬುತ್ತಾನೆ. ಯುದ್ಧದ ಖರ್ಚಿಗಾಗಿ ತೆರಿಗೆಯ ವ್ಯಾಪ್ತಿಗೆ ಹೊಸದಾಗಿ ಬಂದ ಲಕ್ಷಾಂತರ ಜನರನ್ನು ಒಲಿಸಲು ಖಜಾನೆ ಇಲಾಖೆ ಮಾಡಿಸಿದ ಚಿತ್ರ ಅದು. ಅದಕ್ಕೆ 80,000 ಡಾಲರ್ ಕೊಡಬೇಕಾಗಿ ಬಂದಾಗ ಸಂಸತ್ತಿನಲ್ಲಿ ರಂಪವಾಯಿತು; ಬಾತುಕೋಳಿಗೆ ಇಷ್ಟು ದುಡ್ಡೇ ಎಂದು.

‘ಡೆರ್ ಫ್ಯೂರರ್ಸ್ ಫೇಸ್’ 1943ರ ಜನವರಿಯಲ್ಲಿ ತೆರೆಕಂಡು ಆಸ್ಕರ್ ಗೆದ್ದಿತು. ಅದರ ಹಾಸ್ಯ ಇವತ್ತಿಗೂ ಮಾಸಿಲ್ಲ. ಡೊನಾಲ್ಡ್ ಬ್ರೆಡ್ಡನ್ನು ಗರಗಸದಲ್ಲಿ ಕೊಯ್ಯುತ್ತಾನೆ. ಬಚ್ಚಿಟ್ಟ ಒಂದೇ ಒಂದು ಕಾಫಿ ಬೀಜವನ್ನು ನೀರಿನಲ್ಲಿ ಅದ್ದಿ ತೆಗೆಯುತ್ತಾನೆ. ಕಾರ್ಖಾನೆಯಲ್ಲಿ ಮದ್ದುಗುಂಡುಗಳ ನಡುವೆ ಹಿಟ್ಲರನ ಪಟಗಳೂ ಸಾಲಾಗಿ ಬರುತ್ತವೆ. ಪ್ರತಿ ಪಟಕ್ಕೂ ಕೈ ಎತ್ತಲೇಬೇಕು. ಕೊನೆಗೆ ತಲೆ ಕೆಡುತ್ತದೆ, ಎಚ್ಚರವಾಗುತ್ತದೆ, ನೋಡಿದರೆ ಎಲ್ಲವೂ ಕನಸು. ಸರ್ವಾಧಿಕಾರದ ಕೆಳಗೆ ಬದುಕುವವನ ಪಾಡನ್ನು ಇಷ್ಟು ಚುರುಕಾಗಿ ಹೇಳಿದ ಚಿತ್ರಗಳು ಕಡಿಮೆ. ಆದರೆ ಅದೇ ಚಿತ್ರದ ಬ್ಯಾಂಡ್ ಮೇಳದಲ್ಲಿರುವ ಜಪಾನಿಯನ್ನು ಸ್ವಲ್ಪ ಗಮನಿಸಿ. ಹಿಟ್ಲರನ ಬಂಟ ಗೋರಿಂಗ್, ಇಟಲಿಯ ಮುಸೊಲಿನಿ ಇಂಥವರೇ ಎಂದು ಗುರುತು ಸಿಗುತ್ತದೆ. ಜಪಾನಿಗೆ ಉಬ್ಬುಹಲ್ಲು, ಕಿರುಗಣ್ಣು. ಅವನಿಗೆ ಮುಖವಿಲ್ಲ, ಜನಾಂಗವಷ್ಟೇ ಇದೆ.

ಆ ಕಾಲದ ಅಮೆರಿಕದ ಕಾರ್ಟೂನುಗಳನ್ನು ಸಾಲಾಗಿ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಯುರೋಪಿನ ಕಡೆಗೆ ತಿರುಗಿದಾಗ ಗೇಲಿಗೆ ಗುರಿ ಹಿಟ್ಲರ್ ಮತ್ತು ಅವನ ಹಿಂಬಾಲಕರು. 1943ರ ‘ಎಜುಕೇಶನ್ ಫಾರ್ ಡೆತ್’ ಚಿತ್ರವಂತೂ ಹಾನ್ಸ್ ಎಂಬ ಜರ್ಮನ್ ಹುಡುಗನ ಮನಸ್ಸನ್ನು ನಾಜಿ ಶಾಲೆ ಹೇಗೆ ಹಾಳುಮಾಡಿತು ಎಂದು ಮರುಗುತ್ತದೆ. ಪೆಸಿಫಿಕ್ ಕಡೆಗೆ ತಿರುಗಿದಾಗ ಆ ಮರುಕ ಮಾಯ. 1944ರಲ್ಲಿ ವಾರ್ನರ್ ಸಂಸ್ಥೆ ಮಾಡಿದ ಚಿತ್ರವೊಂದರಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಜಪಾನಿ ಸೈನಿಕರನ್ನು ಮಂಗಮುಖದವರೆಂದು ಜರೆಯುತ್ತ, ಐಸ್‌ಕ್ರೀಮಿನೊಳಗೆ ಕೈಬಾಂಬ್ ಇಟ್ಟು ಹಂಚುತ್ತಾನೆ. ಅಲ್ಲಿ ಜಪಾನಿ ಹಾನ್ಸ್ ಇಲ್ಲ.

‘ಆಗಿನ ಕಾಲವೇ ಹಾಗಿತ್ತು, ಈಗಿನವರು ಸುಮ್ಮನೆ ನೊಂದುಕೊಳ್ಳುತ್ತಾರೆ’ ಎನ್ನುವವರಿಗೆ ಒಂದು ದಿನಾಂಕ ಹೇಳಬೇಕು. ಮುಂದೆ ಮಕ್ಕಳ ಪುಸ್ತಕಗಳಿಂದ ಜಗತ್ಪ್ರಸಿದ್ಧರಾದ ಡಾ. ಸ್ಯೂಸ್ ಆಗ ನ್ಯೂಯಾರ್ಕಿನ ‘ಪಿಎಂ’ ಪತ್ರಿಕೆಯ ವ್ಯಂಗ್ಯಚಿತ್ರಕಾರ. ಕಪ್ಪು ಜನರ ಮೇಲಿನ ತಾರತಮ್ಯವನ್ನು, ಯಹೂದಿ ದ್ವೇಷವನ್ನು ಚುಚ್ಚಿ ಬರೆದ ಕೈ ಅದು. ಅದೇ ಕೈ 1942ರ ಫೆಬ್ರುವರಿ 13ರಂದು, ಪಶ್ಚಿಮ ಕರಾವಳಿಯ ಜಪಾನಿ ಮೂಲದವರು ಸ್ಫೋಟಕ ಪಡೆಯಲು ನಗುನಗುತ್ತ ಸಾಲುಗಟ್ಟಿ ನಿಂತಿರುವ ಚಿತ್ರ ಬರೆಯಿತು. ಆರು ದಿನಗಳ ಬಳಿಕ ಅಧ್ಯಕ್ಷ ರೂಸ್‌ವೆಲ್ಟ್ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರು ಮನೆ ಬಿಟ್ಟು ಮುಳ್ಳುತಂತಿಯ ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಆ ಒಂದು ಚಿತ್ರದಿಂದ ಆದೇಶ ಬಂತೆಂದು ಯಾರೂ ಹೇಳುವುದಿಲ್ಲ. ಆದರೆ ಆದೇಶ ಬಂದಾಗ ಜನ ಏಕೆ ಬೆಚ್ಚಲಿಲ್ಲ ಎಂಬುದಕ್ಕೆ ಇಂಥ ಚಿತ್ರಗಳಲ್ಲಿ ಉತ್ತರವಿದೆ. ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾನೂನು ಬಂದದ್ದು 1988ರಲ್ಲಿ.

ಯುದ್ಧ ಮುಗಿದ ಮೇಲೆ ಸ್ಟುಡಿಯೊಗಳು ಈ ಚಿತ್ರಗಳನ್ನು ಕಪಾಟಿಗೆ ತಳ್ಳಿದವು. ಮೇಲೆ ಹೇಳಿದ ಬಗ್ಸ್ ಬನ್ನಿ ಚಿತ್ರ 1990ರ ದಶಕದಲ್ಲಿ ಮನೆಗಳಲ್ಲಿ ನೋಡುವ ಸಂಗ್ರಹವೊಂದರಲ್ಲಿ ಹೊರಬಂದಾಗ ಜಪಾನಿ ಮೂಲದವರು ಪ್ರತಿಭಟಿಸಿದರು, ಅದು ಹಿಂದೆ ಸರಿಯಿತು. ಡಿಸ್ನಿ 2004ರಲ್ಲಿ ತನ್ನ ಯುದ್ಧಕಾಲದ ಚಿತ್ರಗಳನ್ನು ಹಿನ್ನೆಲೆಯ ಮಾತುಗಳೊಂದಿಗೆ ಡಿವಿಡಿಯಾಗಿ ತಂದಿತು. ವಾರ್ನರ್ ಸಂಸ್ಥೆ ತನ್ನ ಹಳೆಯ ಸಂಗ್ರಹಗಳ ಮೊದಲಿಗೆ ಒಂದು ಟಿಪ್ಪಣಿ ಹಾಕಿತು: ಈ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು, ಆದರೆ ಅಳಿಸಿದರೆ ಅಂಥ ಪೂರ್ವಗ್ರಹ ಇರಲೇ ಇಲ್ಲ ಎಂದಂತಾಗುತ್ತದೆ ಎಂಬುದು ಅದರ ಸಾರ. ನನಗೆ ಈ ದಾರಿಯೇ ಸರಿಯೆನಿಸುತ್ತದೆ. ತೊಂದರೆಯೆಂದರೆ, ಟಿಪ್ಪಣಿಯನ್ನು ಕತ್ತರಿಸಿ ಹತ್ತು ಸೆಕೆಂಡಿನ ತುಣುಕನ್ನು ಮಾತ್ರ ಹಂಚುವುದು ಈಗ ಬಹಳ ಸುಲಭ.

ಜಪಾನ್ ಕೂಡ ಸುಮ್ಮನೆ ಕುಳಿತಿರಲಿಲ್ಲ. ಪೀಚ್ ಹಣ್ಣಿನಿಂದ ಹುಟ್ಟಿ, ನಾಯಿ, ಮಂಗ, ಕಾಡುಕೋಳಿಗಳನ್ನು ಕಟ್ಟಿಕೊಂಡು ರಾಕ್ಷಸರ ದ್ವೀಪಕ್ಕೆ ದಂಡೆತ್ತಿ ಹೋಗುವ ಮೊಮೊಟಾರೊ ಅಲ್ಲಿನ ಮಕ್ಕಳೆಲ್ಲರಿಗೂ ಗೊತ್ತಿರುವ ಅಜ್ಜಿಕಥೆಯ ವೀರ. ನೌಕಾಪಡೆ ಅವನನ್ನೇ ಸೇನಾಪತಿ ಮಾಡಿತು. ಮಿತ್ಸುಯೊ ಸೆಒ ನಿರ್ದೇಶನದ 1943ರ ಚಿತ್ರದಲ್ಲಿ ಅವನ ಪ್ರಾಣಿಸೈನ್ಯ ಪರ್ಲ್ ಹಾರ್ಬರ್ ಮೇಲೆ ಎರಗುತ್ತದೆ. ಮುಳುಗುವ ಹಡಗಿನಲ್ಲಿ ಗೋಳಾಡುವ ದಢೂತಿ ಅಮೆರಿಕದ ಪಾಪೈ ಕಾರ್ಟೂನುಗಳ ಖಳ ಬ್ಲೂಟೊನನ್ನೇ ಹೋಲುತ್ತಾನೆ. 1945ರ ಏಪ್ರಿಲ್‌ನಲ್ಲಿ ಬಂದ ಎರಡನೆಯದು, 74 ನಿಮಿಷಗಳ ‘ಮೊಮೊಟಾರೊ: ದೈವೀ ನಾವಿಕರು’, ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ. ಗಾಳಿಗೆ ತೇಲುವ ಹೂವಿನ ನವಿರು ಬೀಜಗಳು ಪ್ಯಾರಾಚೂಟುಗಳನ್ನು ನೆನಪಿಸುವ ದೃಶ್ಯ ಅದರಲ್ಲಿದೆ. ಬಾಂಬಿಗೆ ಸಿಕ್ಕಿ ಹಾಳಾಗಿದ್ದ ಒಸಾಕಾ ನಗರದ ಚಿತ್ರಮಂದಿರವೊಂದರಲ್ಲಿ ಅದನ್ನು ನೋಡಿದ, ಮುಂದೆ ಜಪಾನಿನ ಹೆಸರಾಂತ ಕಾಮಿಕ್ಸ್ ಕಲಾವಿದರಾದ ಹದಿಹರೆಯದ ಒಸಾಮು ತೆಜುಕಾ ಕಣ್ಣೀರಿಟ್ಟು, ಮುಂದೊಮ್ಮೆ ತಾನೂ ಅನಿಮೇಷನ್ ಮಾಡಬೇಕೆಂದುಕೊಂಡರು. ಅದೇ ಚಿತ್ರ ಕೊನೆಗೊಳ್ಳುವುದು, ನೆಲದ ಮೇಲೆ ಬರೆದ ಅಮೆರಿಕದ ನಕ್ಷೆಯ ಮೇಲೆ ಹಳ್ಳಿಯ ಮರಿಗಳು ಮರದಿಂದ ಧುಮುಕುವ ಆಟದೊಂದಿಗೆ. ಸೋಲಿನ ನಂತರ ನಾಶವಾಯಿತೆಂದೇ ನಂಬಿದ್ದ ಚಿತ್ರದ ಪ್ರತಿ 1980ರ ದಶಕದಲ್ಲಿ ಅದನ್ನು ನಿರ್ಮಿಸಿದ್ದ ಶೊಚಿಕು ಸಂಸ್ಥೆಯ ಉಗ್ರಾಣದಲ್ಲಿ ಸಿಕ್ಕಿತು. ದುರಸ್ತಿಯಾಗಿ 2016ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಭಾರತದವರು ನೋಡಿದರೆ ಈ ಚಿತ್ರ ಬೇರೆಯೇ ರೀತಿಯಲ್ಲಿ ಕಾಡುತ್ತದೆ. ಕೊಂಬು ಮೂಡಿದ ಬಿಳಿಯ ಅಧಿಕಾರಿಗಳು ಮೊಮೊಟಾರೊನ ಮುಂದೆ ತೊದಲುತ್ತ ಶರಣಾಗುವ ದೃಶ್ಯ 1942ರ ಸಿಂಗಪುರದ ಶರಣಾಗತಿಯ ಅಣಕ. ಅಲ್ಲಿ ಬ್ರಿಟಿಷರ ಜೊತೆ ಸೆರೆಯಾದವರಲ್ಲಿ ಸಾವಿರಾರು ಭಾರತೀಯ ಸೈನಿಕರಿದ್ದರು. ವ್ಯಾಪಾರಕ್ಕೆಂದು ಬಂದವರು ದ್ವೀಪದ ರಾಜನನ್ನು ವಂಚಿಸಿದ ಕಥೆಯನ್ನು ಚಿತ್ರ ನೆರಳುಗೊಂಬೆಗಳಂತೆ ಹೇಳುವಾಗ ನಮಗೆ ತಲೆಯಾಡಿಸದೆ ಇರಲಾಗುವುದಿಲ್ಲ, ಏಕೆಂದರೆ ಅಷ್ಟು ಭಾಗ ಸತ್ಯ. ಈ ಚಿತ್ರದ ನಿಜವಾದ ಚಾಲಾಕಿತನ ಅಲ್ಲಿಯೇ ಇದೆ. ಅದರಲ್ಲಿ ದಕ್ಷಿಣ ದ್ವೀಪದ ಪ್ರಾಣಿಗಳು ಜಪಾನಿ ಅಕ್ಷರಮಾಲೆಯನ್ನು ಹಾಡಾಗಿ ಕಲಿಯುತ್ತ, ಜಪಾನಿಗಳಿಗೆ ಖುಷಿಯಿಂದ ದುಡಿಯುತ್ತವೆ. ತೆರೆಯ ಹೊರಗೆ, ಜಪಾನ್ ಹಿಡಿದಿದ್ದ ಅಂಡಮಾನಿನಲ್ಲಿ, ನೇತಾಜಿ ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿ ಒಂದು ತಿಂಗಳಾಗಿತ್ತಷ್ಟೆ. 1944ರ ಜನವರಿ 30ರಂದು ಗೂಢಚಾರರೆಂಬ ಶಂಕೆಯ ಮೇಲೆ ಹೋಂಫ್ರೆಗಂಜ್‌ನಲ್ಲಿ 44 ಮಂದಿ ಭಾರತೀಯರನ್ನು ಜಪಾನಿ ಸೈನಿಕರು ಕೊಂದುಹಾಕಿದರು.