ಪಾತ್ರ ಪರಿಚಯ: ಯಾರು, ಯಾರಿಗೆ ಏನಾಗಬೇಕು

ಚಿತ್ರಕಥೆಯಲ್ಲಿ ಪಾತ್ರವೊಂದು ಮೊದಲ ಸಲ ಕಾಣಿಸಿಕೊಂಡಾಗ ಬರೆಯುವ ಒಂದೆರಡು ಸಾಲಿಗೆ ಪಾತ್ರ ಪರಿಚಯ ಎನ್ನುತ್ತಾರೆ. ಹೆಸರು, ವಯಸ್ಸು, ಕಣ್ಣಿಗೆ ಬೀಳುವ ಒಂದು ಗುರುತು, ಆ ಹೊತ್ತಿಗೆ ಮಾಡುತ್ತಿರುವ ಕೆಲಸ ಇಷ್ಟಿದ್ದರೆ ಸಾಕು. ಇಂಗ್ಲಿಷ್ ಚಿತ್ರಕಥೆಯಲ್ಲಿ ಆ ಮೊದಲ ಸಲ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುವ ರೂಢಿಯಿದೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಾದ್ದರಿಂದ ಹೆಸರನ್ನು ಬೋಲ್ಡ್ ಮಾಡಿ, ಇಲ್ಲವೇ ಅಡಿಗೆರೆ ಎಳೆಯಿರಿ. ಕಲಾವಿದರನ್ನು ಆರಿಸುವವರು, ಕಾಸ್ಟ್ಯೂಮ್‌ನವರು ಪುಟ ತಿರುವುತ್ತ ಹುಡುಕುವುದು ಅದನ್ನೇ.

ತೊಡಕು ಶುರುವಾಗುವುದು ಸಂಬಂಧದ ವಿಷಯದಲ್ಲಿ. ಸಾಣೇಹಳ್ಳಿಯಂಥ ಕಡೆ ರಂಗಭೂಮಿಯಲ್ಲಿ ಪಳಗಿದವರಿಗೆ ನಾಟಕದ ಮೊದಲ ಪುಟದ ಪಾತ್ರಪಟ್ಟಿ ರೂಢಿಯಾಗಿರುತ್ತದೆ: 'ಮಹೇಶ, ರುದ್ರಪ್ಪನ ತಂಗಿಯ ಗಂಡ.' ಚಿತ್ರಕಥೆಗೂ ಅಂಥ ಪಟ್ಟಿ ಲಗತ್ತಿಸಬಹುದು, ತಪ್ಪೇನಿಲ್ಲ. ಆದರೆ ಥಿಯೇಟರಿನಲ್ಲಿ ಕೂತವರ ಕೈಗೆ ಆ ಹಾಳೆ ಸಿಗುವುದಿಲ್ಲ. ಅವರಿಗೆ ಕಂಡು, ಕೇಳಿಯೇ ಗೊತ್ತಾಗಬೇಕು.

ಹಾಗೆಂದು ಎಲ್ಲವನ್ನೂ ಮಾತಿನಲ್ಲಿ ತುರುಕಿದರೆ ಕೆಡುತ್ತದೆ. 'ನೀನು ನನ್ನ ತಂಗಿ ಗಂಡ, ಐದು ವರ್ಷದಿಂದ ನನ್ನ ಭಟ್ಟೀಲೇ ಕೆಲಸ ಮಾಡ್ತಿದ್ದೀಯ' ಎಂದು ದಾವಣಗೆರೆಯ ಯಾವ ಮಂಡಕ್ಕಿ ಭಟ್ಟಿಯ ಮಾಲೀಕನೂ ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಹೇಳಿಕೊಳ್ಳುವುದಿಲ್ಲ. ಅದೇ ಸಂಗತಿಯನ್ನು ಹೀಗೆ ಬರೆಯಬಹುದು:

ಒಳಾಂಗಣ. ಮಂಡಕ್ಕಿ ಭಟ್ಟಿ. ಬೆಳಗಿನ ಜಾವ.
ರುದ್ರಪ್ಪ (58), ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂಲಿ ಬಟವಾಡೆ ಮಾಡುತ್ತಿದ್ದಾನೆ. ಆಳುಗಳು ಒಬ್ಬೊಬ್ಬರಾಗಿ 'ಸಾವ್ಕಾರ್ರೆ' ಎಂದು ಕೈ ಒಡ್ಡುತ್ತಾರೆ. ಮಹೇಶ (34), ಮೈಯೆಲ್ಲ ಬೂದಿ, ಕೊನೆಯಲ್ಲಿ ಬರುತ್ತಾನೆ.
ಮಹೇಶ: ಭಾವ...
ರುದ್ರಪ್ಪ: ಇಲ್ಲಿ ಸಾವ್ಕಾರ್ ಅನ್ನು. ಭಾವ ಮನೇಲಿ.
ನೋಟು ಎಣಿಸಿ ಕೊಡುತ್ತಾನೆ. ಒಂದನ್ನು ಬೇರೆ ಮಡಚುತ್ತಾನೆ.
ರುದ್ರಪ್ಪ: ಇದು ನನ್ನ ತಂಗಿ ಕೈಗೆ ಹೋಗ್ಬೇಕು.

ನೆಂಟಸ್ತಿಕೆ, ಅಂತಸ್ತು, ಅಪನಂಬಿಕೆ ಮೂರೂ ಅರ್ಧ ಪುಟದಲ್ಲಿ ಬಂದವು. ಪುಟಕ್ಕೆ ಒಂದು ನಿಮಿಷ ಎಂಬ ವಾಡಿಕೆಯ ಲೆಕ್ಕ ಹಿಡಿದರೆ ಅದು ಅರ್ಧ ನಿಮಿಷ. ಕೊನೆಯ ಮಾತನ್ನು ಮಾತ್ರ ಕೈಬಿಡುವಂತಿಲ್ಲ. ಏಕೆಂದರೆ ಅಕ್ಕನ ಗಂಡ, ಗಂಡನ ಅಣ್ಣ, ಹೆಂಡತಿಯ ಅಣ್ಣ ಎಲ್ಲರೂ ನಮಗೆ ಭಾವಂದಿರೇ. ಅತ್ತೆ, ಮಾವ ಎಂದಾಗಲಂತೂ ಗೊಂದಲ ಇನ್ನೂ ಹೆಚ್ಚು: ಸೋದರತ್ತೆಯೇ ಗಂಡನ ತಾಯಿಯೂ ಆಗಿರುವ ಮನೆಗಳಿವೆ. ಕರೆಯುವ ಪದ ಬಾಗಿಲು ತೆರೆಯುತ್ತದೆ ಅಷ್ಟೇ, ಸಂಬಂಧ ಖಚಿತವಾಗಲು ಪಕ್ಕದಲ್ಲಿ ಒಂದು ವಸ್ತುವೋ ಕೆಲಸವೋ ಬೇಕು. ಇಲ್ಲಿ ಮಡಚಿದ ನೋಟು ಆ ಕೆಲಸ ಮಾಡುತ್ತದೆ. ಮುಂದಿನ ದೃಶ್ಯದಲ್ಲಿ ಹೆಂಗಸೊಬ್ಬಳು ಅದನ್ನು ಬಿಡಿಸಿ ನೋಡಿದರೆ ಸಾಕು, ಅವಳಿಗೆ ಬೇರೆ ಪರಿಚಯ ಬೇಕಿಲ್ಲ.

'ಒಳಗೊಳಗೇ ನೊಂದವನು', 'ಹಿಂದೊಮ್ಮೆ ಸಾಲದಲ್ಲಿ ಮುಳುಗಿದ್ದವನು' ಎಂಬ ವಿವರಣೆಯನ್ನು ಕ್ಯಾಮೆರಾ ಹಿಡಿಯಲಾರದು. ಅಂಥವನ್ನು ಹೊಡೆದುಹಾಕಿ.

ಮದುವೆ, ಜಾತ್ರೆಯ ದೃಶ್ಯದಿಂದ ಕಥೆ ಶುರುಮಾಡಿ ಹತ್ತು ಜನರನ್ನು ಒಟ್ಟಿಗೆ ತಂದರೆ ಯಾರೂ ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ಪುಟದಲ್ಲಿ ಮೂವರಿಗಿಂತ ಹೆಚ್ಚು ಹೊಸಬರು ಬೇಡ. ಒಂದೇ ದೃಶ್ಯಕ್ಕೆ ಬಂದುಹೋಗುವ ಚಹಾದಂಗಡಿಯವನಿಗೆ ಹೆಸರೂ ಬೇಡ, ವಯಸ್ಸೂ ಬೇಡ.

ಹೆಸರಿಡುವಾಗಲೂ ಎಚ್ಚರ ಬೇಕು. ಬಸವರಾಜ, ಬಸಣ್ಣ, ಬಸಮ್ಮ ನಮ್ಮ ಸೀಮೆಯ ಒಂದೇ ಮನೆಯಲ್ಲಿ ಇರಬಹುದು, ಆದರೆ ಹಾಳೆಯ ಮೇಲೆ ಮೂವರೂ ಒಬ್ಬರಂತೆ ಕಾಣುತ್ತಾರೆ. ಸಂಭಾಷಣೆಯ ಪಕ್ಕದ ಹೆಸರು ಮೊದಲಿಂದ ಕೊನೆಯವರೆಗೆ ಒಂದೇ ಇರಲಿ. ಒಂದು ಕಡೆ 'ರುದ್ರಪ್ಪ', ಇನ್ನೊಂದು ಕಡೆ 'ಸಾವ್ಕಾರ' ಎಂದು ಬರೆದರೆ ಶೂಟಿಂಗ್‌ಗೆ ಪಟ್ಟಿ ಮಾಡುವ ಸಹಾಯಕ ನಿರ್ದೇಶಕ ಇಬ್ಬರು ನಟರ ಲೆಕ್ಕ ಹಾಕುತ್ತಾನೆ. ಹೆಸರನ್ನು ಗುಟ್ಟಾಗಿಡಬೇಕಿದ್ದರೆ 'ಕೆಂಪು ಟವೆಲ್ಲಿನವನು' ಎಂದೇ ಬರೆಯುತ್ತ ಹೋಗಿ, ಹೆಸರು ಬಯಲಾದ ದೃಶ್ಯದಲ್ಲಿ 'ಕೆಂಪು ಟವೆಲ್ಲಿನವನು (ಇನ್ನು ಮುಂದೆ ತಿಪ್ಪೇಶ)' ಎಂದು ಒಮ್ಮೆ ಸೂಚಿಸಿ.