ಟಕ್ ಅಂದಿತು, ಆಮೇಲೆ?

ಚಪ್ಪೆ (ತೊಡೆ ನಡುವಿಗೆ ಸೇರುವ ಕೀಲು), ಟೊಂಕ ತಿರುವಿ ಟಕ್ ಅನ್ನಿಸುವ ವಿಡಿಯೊಗಳು ಫೋನಿಗೆ ಬರತೊಡಗಿದ ಮೇಲೆ ಗಂಗಾವತಿ, ಸಿಂಧನೂರು ಕಡೆಯ ಮಂಡಿನೋವಿನವರ ಬೇಡಿಕೆಯೂ ಬದಲಾಗಿದೆ: "ಸರ್, ಒಮ್ಮಿ ಟಕ್ ಅನ್ನಿಸಿಬಿಡ್ರಿ, ಸಾಕು." ಸರಿದಿದ್ದ ಎಲುಬು ಜಾಗಕ್ಕೆ ಕೂತ ಸದ್ದು ಅದು ಅಂತ ನಂಬಿಕೆ. ಎಲುಬಿಗೂ ಅದಕ್ಕೂ ಸಂಬಂಧವಿಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಅನಿಲದ ಗುಳ್ಳೆ ಏಳುವಾಗ ಬರುವ ಸದ್ದು ಅದು, ಬೆರಳ ನೆಟಿಕೆ ಮುರಿದಾಗ ಬರುವಂಥದ್ದೇ.

ಹಾಗಂತ ಕೈಚಿಕಿತ್ಸೆ ದಂಡವಲ್ಲ. ಹೀಗೆ ಕೈಯಿಂದ ಬೆನ್ನು, ಕೀಲು ತಿರುವುವ ಕೈರೋಪ್ರಾಕ್ಟಿಕ್ 1895ರಲ್ಲಿ ಅಮೆರಿಕದಲ್ಲಿ ಶುರುವಾದ ಪದ್ಧತಿ. ಬಿಗಿದ ಕೀಲನ್ನು ಕೈಯಿಂದ ಸಡಿಲಿಸುವುದನ್ನು ತರಬೇತಿ ಪಡೆದ ಫಿಸಿಯೊಥೆರಪಿಸ್ಟರೂ ಮಾಡುತ್ತಾರೆ. ನೋವು ಇಳಿಯುತ್ತದೆ, ಕಾಲು ಹಗುರಾಗುತ್ತದೆ. ಆದರೆ ಆ ಆರಾಮ ಕೆಲವು ಗಂಟೆಗಳದ್ದು, ಹೆಚ್ಚೆಂದರೆ ಕೆಲವು ದಿನಗಳದ್ದು. ಆ ಬಿಡುವಿನಲ್ಲಿ ಸ್ನಾಯುವಿಗೆ ಕೆಲಸ ಕೊಡದಿದ್ದರೆ ನೋವು ಮರಳುತ್ತದೆ, ರೋಗಿಯೂ ಮರಳುತ್ತಾನೆ.

ಮೊದಲು ನೋವಿನ ಜಾಗ ಗೊತ್ತಾಗಬೇಕು. ನಮ್ಮ ಕಡೆ 'ಟೊಂಕ' ಅಂದರೆ ನಡುವಿನಿಂದ ತೊಡೆಯವರೆಗೆ ಎಲ್ಲಿಯೂ ಆಗಬಹುದು. ಹಾಗಾಗಿ ಬೆರಳಿಟ್ಟು ತೋರಿಸಲು ಹೇಳಬೇಕು. ತೊಡೆಸಂದು ತೋರಿಸಿದರೆ ಚಪ್ಪೆಯ ಕೀಲಿನ ಮೇಲೆಯೇ ಅನುಮಾನ. ಕುಂಡಿಯ ಹಿಂಭಾಗವಾದರೆ ಬಹಳ ಸಲ ಬೆನ್ನಿನದು. ಪಕ್ಕಕ್ಕೆ, ಅದೇ ಮಗ್ಗುಲಾಗಿ ಮಲಗಿದಾಗ ಹೆಚ್ಚುವ ನೋವು ಬಹಳ ಸಲ ಅಲ್ಲಿನ ಸ್ನಾಯುರಜ್ಜುವಿನದು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಪಟ್ಟಿಯದು. ಚಪ್ಪೆಗೂ ಮಂಡಿಗೂ ಹೋಗುವ ನರಗಳು ಹಂಚಿಕೊಂಡಿರುವುದರಿಂದ ಕೆಟ್ಟ ಚಪ್ಪೆ ಮಂಡಿಯಲ್ಲಿ ನೋಯಬಹುದು. ಮಂಡಿಯ ಎಕ್ಸ್‌ರೇ ಸ್ವಚ್ಛವಿದ್ದು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿದ್ದರೆ ಚಪ್ಪೆ ನೋಡಿಸಿ.

ಕೆಲವು ಕಡೆ ಕೈಯನ್ನೇ ಹಚ್ಚಬಾರದು. ಜಾರಿಬಿದ್ದ ಅಜ್ಜಿಯ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಚಪ್ಪೆಯ ಹತ್ತಿರ ತೊಡೆಮೂಳೆ ಮುರಿದಿರುವ ಸಂಭವ ಹೆಚ್ಚು. ಎಣ್ಣೆ ತಿಕ್ಕುವವರ ಬಳಿ ಕಳೆಯುವ ಒಂದೊಂದು ದಿನವೂ ನಷ್ಟ. ಕಬಡ್ಡಿಯಲ್ಲಿ ತಿರುಚಿದ ಮಂಡಿ ಎರಡು ತಾಸಿನೊಳಗೆ ಊದಿದರೆ ಒಳಗೆ ರಕ್ತ ತುಂಬಿರುವ ಸಂಭವ ಹೆಚ್ಚು, ಎಲುಬಿಗೆ ಎಲುಬನ್ನು ಬಿಗಿದಿಡುವ ಲಿಗಮೆಂಟ್ ಹರಿದಿರಬಹುದು. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು. ಜ್ವರದ ಜತೆ ಮಂಡಿ ಕೆಂಪಾಗಿ ಸುಡುತ್ತಿದ್ದರೆ ಅದೇ ದಿನ ಆಸ್ಪತ್ರೆ. ಇನ್ನು ಕೊಪ್ಪಳ, ರಾಯಚೂರಿನ ಫ್ಲೋರೈಡ್ ನೀರಿನ ಊರುಗಳವರಲ್ಲಿ ಬೆನ್ನಿನ ಲಿಗಮೆಂಟುಗಳೇ ಗಟ್ಟಿಯಾಗಿ ಎಲುಬಿನಂತಾಗಿರಬಹುದು. ಅಂಥ ಬೆನ್ನನ್ನು ಜೋರಾಗಿ ತಿರುವುವುದು ಅಪಾಯ. ವಿಡಿಯೊದಲ್ಲಿ ಇದನ್ನು ಯಾರೂ ಕೇಳುವುದಿಲ್ಲ.

ಇನ್ನು ವ್ಯಾಯಾಮ. ಕಾಲು ಚಾಚಿ ಕೂತು, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು, ಅದನ್ನು ನೆಲಕ್ಕೆ ಅದುಮಿ 5 ಸೆಕೆಂಡ್ ಹಿಡಿಯಿರಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಂಡಿ ಮಡಚಿ ಮಗ್ಗುಲಾಗಿ ಮಲಗಿ, ಹಿಮ್ಮಡಿಗಳನ್ನು ಅಂಟಿಸಿಕೊಂಡೇ ಮೇಲಿನ ಮಂಡಿಯನ್ನು ತೆರೆಯುವುದು ಚಪ್ಪೆಗೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ನಡುವನ್ನೇ ಹಿಂದಕ್ಕೆ ಉರುಳಿಸುವುದು. ಆಗ ಮಂಡಿ ಎತ್ತರ ಹೋಗುತ್ತದೆ, ಸ್ನಾಯು ಮಾತ್ರ ಸುಮ್ಮನಿರುತ್ತದೆ. ನಡುವಿನ ಎಲುಬಿನ ಮೇಲೆ ಅಂಗೈ ಇಟ್ಟುಕೊಳ್ಳಿ, ಅದು ಅಲುಗಬಾರದು. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ನೋವಾದರೆ ಕೌದಿ ಮಡಚಿ ಹಾಕಿ ಎತ್ತರಿಸಿ, ವಾರಕ್ಕೊಂದು ಮಡಿಕೆ ತೆಗೆಯುತ್ತ ಬನ್ನಿ. ಬಲ ಬರಲು 6ರಿಂದ 12 ವಾರ ಬೇಕು.

ವ್ಯಾಯಾಮದಲ್ಲಿ ನೋವಿಗೆ ನೀವೇ ಹತ್ತಕ್ಕೆ ಅಂಕ ಕೊಟ್ಟುಕೊಳ್ಳಿ, ಮೂರರವರೆಗೆ ಇದ್ದರೆ ಮುಂದುವರಿಸಿ. ಮರುದಿನ ಬೆಳಿಗ್ಗೆ ಮೊದಲಿಗಿಂತ ಹೆಚ್ಚಿದ್ದರೆ ಎಣಿಕೆ ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ.

ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿದವರಿಗೆ ಮಂಡಿ ಕೈಕೊಡುವುದು ಹೆಚ್ಚಾಗಿ ಇಳಿಯುವಾಗ, ಆಗ ಚಿಪ್ಪಿನ ಮೇಲೆ ಮೈತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಕೋಲು ನೋವಿನ ಕಡೆಯ ಕೈಯಲ್ಲಲ್ಲ, ಎದುರುಗೈಯಲ್ಲಿ.

ಭತ್ತ ನಾಟಿಯವರದು ಬೇರೆ ಕಥೆ. ಕೆಸರು ಪಾದವನ್ನು ಹಿಡಿದಿರುತ್ತದೆ, ಸಸಿ ಕಟ್ಟಿಗೆ ಮೈ ತಿರುಗುತ್ತದೆ, ನಡುವೆ ಸಿಕ್ಕಿ ತಿರುಚುವುದು ಮಂಡಿ. ಸಸಿ ಕಟ್ಟುಗಳನ್ನು ಹಿಂದೆ ಪಕ್ಕಕ್ಕೆ ಎಸೆಯುವ ಬದಲು ಎದುರಿಗೇ ಹಾಕಿಸಿಕೊಳ್ಳಿ. ತಿರುಗಲೇಬೇಕಾದರೆ ಮೊದಲು ಪಾದ ಕಿತ್ತು, ಆಮೇಲೆ ಮೈ.